ಹೃದಯದ ರೇಖೆಯನ್ನು ಓದುವ ಅಧಿಕಾರ: ಬೆಂಗಳೂರು ದಂಡಿನ ಆಸ್ಪತ್ರೆಗಳಿಂದ ಹೃದಯ ಜ್ಯೋತಿಯವರೆಗೆ

ಕಮರ್ಷಿಯಲ್ ಸ್ಟ್ರೀಟನ್ನು ನಾಡಿನ ಜನ ಬಟ್ಟೆ, ಒಡವೆ, ಪಾದರಕ್ಷೆಗಳ ಪೇಟೆಯೆಂದೇ ಬಲ್ಲರಾದರೂ, ಆ ಬೀದಿಯ ಆಸುಪಾಸಿನಲ್ಲಿರುವ ಡಿಸ್ಪೆನ್ಸರಿ ರಸ್ತೆ, ಓಲ್ಡ್ ಪೂರ್ ಹೌಸ್ ರಸ್ತೆ, ಲೇಡಿ ಕರ್ಜನ್ ರಸ್ತೆಗಳ ಹೆಸರುಗಳು ಈ ಪ್ರದೇಶಕ್ಕೆ ವ್ಯಾಪಾರದಷ್ಟೇ ಹಳೆಯದಾದ ಇನ್ನೊಂದು ಚರಿತ್ರೆಯೂ ಇದೆಯೆಂಬುದನ್ನು ಸೂಚಿಸುತ್ತವೆ. 1809ರಲ್ಲಿ ಬ್ರಿಟಿಷರ ಸೈನ್ಯ ಹಲಸೂರಿನ ಸುತ್ತಲಿನ ಬಯಲಿನಲ್ಲಿ ನೆಲೆಯೂರಿದ ಮೇಲೆ ಬೆಳೆದ ದಂಡು ಪ್ರದೇಶವು ಕವಾಯತು ಮೈದಾನ, ಚರ್ಚು, ಮಸೀದಿ, ಗುಡಿ, ಅಂಗಡಿಗಳ ಜೊತೆಗೆ ಔಷಧಾಲಯಗಳನ್ನೂ ಆಸ್ಪತ್ರೆಗಳನ್ನೂ ಕಟ್ಟಿಕೊಂಡಿತು. ಸೈನಿಕರು, ಅವರ ಕುಟುಂಬದವರು, ಅವರನ್ನು ನಂಬಿ ಬಂದು ಬ್ಲ್ಯಾಕ್‌ಪಳ್ಳಿಯಲ್ಲಿ, ಅಂದರೆ ಇಂದಿನ ಶಿವಾಜಿನಗರದಲ್ಲಿ, ನೆಲೆಸಿದ ತಮಿಳು, ಉರ್ದು, ತೆಲುಗು, ಕನ್ನಡ ಮಾತಿನ ದುಡಿಯುವ ಜನ ಈ ಆಸ್ಪತ್ರೆಗಳಿಗೆ ಬರುವ ರೋಗಿಗಳಾದರು. ಆ ವಾರ್ಡುಗಳಲ್ಲಿ ಎದ್ದ ನರ್ಸಿನ ಅಧಿಕಾರದ ಪ್ರಶ್ನೆಯೇ ಇಂದು ಹೊಸ ರೂಪದಲ್ಲಿ ಮತ್ತೆ ಎದುರಾಗಿದೆ.

ಹೃದಯದ ವಿದ್ಯುತ್ ರೇಖಾಚಿತ್ರವನ್ನು, ಅಂದರೆ ಎಲ್ಲರ ಬಾಯಲ್ಲಿ ಇಸಿಜಿ ಎಂದೇ ಬಳಕೆಯಲ್ಲಿರುವ ಪರೀಕ್ಷೆಯನ್ನು, ಕಂಪ್ಯೂಟರಿನ ನೆರವಿನಿಂದ ಓದುವ ಪದ್ಧತಿ ಇಂದು ಕರ್ನಾಟಕದ ತಾಲೂಕು ಆಸ್ಪತ್ರೆಗಳ ನರ್ಸುಗಳ ದಿನನಿತ್ಯದ ಕೆಲಸಕ್ಕೆ ಬಂದು ಸೇರಿದೆ. ಈ ಪದ್ಧತಿಗೆ ಬೇಕಾದ ತರಬೇತಿಯನ್ನು ಒಂದು ಹೊಸ ಯಂತ್ರವನ್ನು ಚಾಲನೆ ಮಾಡುವ ಕಲಿಕೆಯೆಂದಷ್ಟೇ ಎಣಿಸಿದರೆ ಅದರ ತಿರುಳು ಕೈತಪ್ಪುತ್ತದೆ. ರೋಗಿಯ ಹಾಸಿಗೆಯ ಬಳಿ ಹಗಲಿರುಳು ಇರುವ ನರ್ಸಿಗೆ ತಾನು ಕಂಡದ್ದನ್ನು ಅರ್ಥೈಸುವ, ಅರ್ಥೈಸಿದ್ದರ ಮೇಲೆ ಕ್ರಮ ಕೈಗೊಳ್ಳುವ ಅಧಿಕಾರ ಎಷ್ಟು ಎಂಬ ಪ್ರಶ್ನೆ ಆಸ್ಪತ್ರೆಗಳಷ್ಟೇ ಹಳೆಯದು, ಮತ್ತು ಆ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳನ್ನು ಅರಿತಾಗ ಮಾತ್ರ ಇಂದಿನ ತರಬೇತಿ ಹೇಗಿರಬೇಕೆಂಬುದು ಸ್ಪಷ್ಟವಾಗುತ್ತದೆ.

ದಂಡಿನ ಆಸ್ಪತ್ರೆಗಳು ಮತ್ತು ಶುಶ್ರೂಷೆ

1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೆಂಥಾಮ್ ಬೌರಿಂಗ್ ಅವರ ಆಡಳಿತ ಕಾಲದಲ್ಲಿ, ದಂಡಿನ ನಾಗರಿಕ ಜನತೆಗಾಗಿ ಕಟ್ಟಲಾದ ಆಸ್ಪತ್ರೆ ಅವರ ಹೆಸರನ್ನೇ ಪಡೆಯಿತು. ಪ್ಯಾರಿಸ್ ನಗರದ ಲಾರಿಬೋಸಿಯೇರ್ ಆಸ್ಪತ್ರೆಯ ಮಾದರಿಯನ್ನು ಅನುಸರಿಸಿ ಬೌರಿಂಗ್ ಆಸ್ಪತ್ರೆಯನ್ನು ನಿರ್ಮಿಸಲಾಯಿತೆಂದು ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ದಾಖಲಿಸುತ್ತದೆ. ಆ ಮಾದರಿಯ ವೈಶಿಷ್ಟ್ಯವೆಂದರೆ ವಾರ್ಡುಗಳನ್ನು ಒಂದಕ್ಕೊಂದು ಅಂಟಿಕೊಳ್ಳದಂತೆ ಬಿಡಿಬಿಡಿಯಾಗಿ ಕಟ್ಟಿ, ಎರಡೂ ಬದಿಗೆ ಕಿಟಕಿಗಳನ್ನಿರಿಸಿ, ಗಾಳಿ ಬೆಳಕು ಹರಿದಾಡುವಂತೆ ಮಾಡುವುದು ಮತ್ತು ಉದ್ದನೆಯ ವಾರ್ಡಿನ ಎರಡು ಸಾಲು ಹಾಸಿಗೆಗಳೂ ಶುಶ್ರೂಷೆ ಮಾಡುವವರ ಕಣ್ಣಳವಿನಲ್ಲಿರುವಂತೆ ನೋಡಿಕೊಳ್ಳುವುದು. ಹೀಗೆ ಹತ್ತೊಂಬತ್ತನೆಯ ಶತಮಾನದ ಆಸ್ಪತ್ರೆಯ ಕಟ್ಟಡವೇ ಶುಶ್ರೂಷೆಯ ಮುಖ್ಯ ಕೆಲಸವನ್ನು ನೋಡುವುದು, ಗಮನಿಸುವುದು ಮತ್ತು ವೈದ್ಯರಿಗೆ ತಿಳಿಸುವುದು ಎಂದು ನಿರ್ಧರಿಸಿಬಿಟ್ಟಿತ್ತು; ಕಂಡದ್ದರ ಅರ್ಥವನ್ನು ಹೇಳುವುದು ಮಾತ್ರ ವೈದ್ಯರಿಗೆ ಸೇರಿದ್ದಾಗಿತ್ತು.

ತರಬೇತಿ ಪಡೆದ ನರ್ಸುಗಳು ಈ ನಗರಕ್ಕೆ ಬಂದದ್ದು ಸೈನ್ಯದ ದಾರಿಯಿಂದ ಮತ್ತು ಕ್ರೈಸ್ತ ಸಂಸ್ಥೆಗಳ ದಾರಿಯಿಂದ. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರ ಆರೈಕೆಗಾಗಿ 1888ರಲ್ಲಿ ಆರಂಭವಾದ ಸೈನಿಕ ಶುಶ್ರೂಷಾ ಸೇವೆಯ ಮೊದಲ ತಂಡ ಆ ವರ್ಷದ ಫೆಬ್ರವರಿಯಲ್ಲಿ ಬೊಂಬಾಯಿಗೆ ಬಂದಿಳಿದಾಗ, ತಂಡದ ಒಂದು ಭಾಗವನ್ನು ರಾವಲ್ಪಿಂಡಿಗೂ ಇನ್ನೊಂದು ಭಾಗವನ್ನು ಬೆಂಗಳೂರಿಗೂ ಕಳುಹಿಸಲಾಯಿತು. ಅದಕ್ಕೆ ಎರಡು ವರ್ಷ ಮೊದಲು, 1886ರಲ್ಲಿ, ಗುಡ್ ಶೆಫರ್ಡ್ ಸಂನ್ಯಾಸಿನಿಯರು ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು ಸ್ಥಾಪಿಸಿದ್ದರು. ದಂಡಿನ ಆಂಗ್ಲೋ ಇಂಡಿಯನ್ ಮತ್ತು ಕ್ರೈಸ್ತ ಕುಟುಂಬಗಳ ಹೆಣ್ಣುಮಕ್ಕಳಿಗೆ ಶುಶ್ರೂಷೆಯು ಗೌರವದ ಸಂಬಳದ ಕೆಲಸವಾಗಿ ಒದಗಿಬಂತು. ಇತರ ಸಮುದಾಯಗಳು ಆ ವೃತ್ತಿಯನ್ನು ಅನುಮಾನದಿಂದ ನೋಡುತ್ತಿದ್ದ ದಿನಗಳಲ್ಲಿ ಈ ಹೆಣ್ಣುಮಕ್ಕಳೇ ವಾರ್ಡುಗಳ ಭಾರ ಹೊತ್ತರು.

ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ಬೌರಿಂಗ್ ಆಸ್ಪತ್ರೆಯ ಪಕ್ಕದಲ್ಲಿಯೇ ವೈಸರಾಯ್ ಕರ್ಜನ್ ಅವರ ಪತ್ನಿಯ ಹೆಸರಿನಲ್ಲಿ ಮಹಿಳೆಯರಿಗಾಗಿ ಲೇಡಿ ಕರ್ಜನ್ ಆಸ್ಪತ್ರೆ ತಲೆಯೆತ್ತಿತು. ಶಿವಾಜಿನಗರದ ಹಜ್ರತ್ ಕಂಬಲ್ ಪೋಷ್ ರಸ್ತೆಯಲ್ಲಿರುವ ಇಂದಿನ ಸಿಎಸ್‌ಐ ಆಸ್ಪತ್ರೆಯೂ ಜನಾನಾ ಮಿಷನ್ನಿನಿಂದ, ಅಂದರೆ ಪರದೆಯೊಳಗಿನ ಹೆಂಗಸರಿಗೆ ಹೆಂಗಸರೇ ವೈದ್ಯೋಪಚಾರ ಮಾಡಬೇಕೆಂಬ ಉದ್ದೇಶದ ಸಂಸ್ಥೆಯಿಂದ ಬೆಳೆದದ್ದು. ಪರಪುರುಷನ ಮುಂದೆ ಮೈ ತೆರೆಯಲೊಲ್ಲದ ಹೆಂಗಸರು ಚಿಕಿತ್ಸೆಯಿಲ್ಲದೆ ಸಾಯುವುದನ್ನು ತಪ್ಪಿಸುವುದೇ ಈ ಆಸ್ಪತ್ರೆಗಳ ಗುರಿಯಾಗಿತ್ತು. 1947ರ ಜುಲೈನಲ್ಲಿ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್, ಅಂದರೆ ದಂಡು ಪ್ರದೇಶ, ಮೈಸೂರು ಸಂಸ್ಥಾನಕ್ಕೆ ಮರಳಿದ ಮೇಲೆ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ ಸರ್ಕಾರಿ ಆಸ್ಪತ್ರೆಯಾಗಿ ಮುಂದುವರಿಯಿತು, ಬಹುಕಾಲ ಬೆಂಗಳೂರು ವೈದ್ಯಕೀಯ ಕಾಲೇಜಿನೊಂದಿಗೆ ಬೋಧನಾ ಆಸ್ಪತ್ರೆಯಾಗಿ ಸೇರಿಕೊಂಡಿತ್ತು, ಮತ್ತು ಈಗ ಅಟಲ್ ಬಿಹಾರಿ ವಾಜಪೇಯಿ ವೈದ್ಯಕೀಯ ಕಾಲೇಜಿನ ಭಾಗವಾಗಿದೆ.

ರೇಖೆಯ ಹುಟ್ಟು

ಬೌರಿಂಗ್ ಆಸ್ಪತ್ರೆ ಎರಡು ದಶಕ ಪೂರೈಸುವ ಹೊತ್ತಿಗೆ, 1887ರಲ್ಲಿ, ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಆಗಸ್ಟಸ್ ವಾಲರ್ ಎಂಬ ಶರೀರಶಾಸ್ತ್ರಜ್ಞರು ಮನುಷ್ಯನ ಹೃದಯದ ವಿದ್ಯುತ್ ಚಟುವಟಿಕೆಯನ್ನು ಎದೆ ಬಿಚ್ಚದೆಯೇ ಚರ್ಮದ ಮೇಲಿನಿಂದ ದಾಖಲಿಸಿ ತೋರಿಸಿದರು. ಅದನ್ನು ಆಸ್ಪತ್ರೆಗೆ ಒದಗುವ ಪರೀಕ್ಷೆಯನ್ನಾಗಿ ಮಾಡಿದ ಕೀರ್ತಿ ನೆದರ್ಲೆಂಡ್ಸ್ ದೇಶದ ಲೈಡನ್ ನಗರದ ವಿಲ್ಲೆಮ್ ಐಂಥೋವೆನ್ ಅವರದು. 1901ರ ಸುಮಾರಿಗೆ ಅವರು ರೂಪಿಸಿದ ತಂತಿ ಗ್ಯಾಲ್ವನೋಮೀಟರ್ ಸುಮಾರು 270 ಕಿಲೋಗ್ರಾಂ ತೂಗುತ್ತಿತ್ತು, ಅದನ್ನು ನಡೆಸಲು ಐದು ಜನ ಬೇಕಾಗುತ್ತಿದ್ದರು, ಮತ್ತು ರೋಗಿಯು ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಮುಳುಗಿಸಿ ಕುಳಿತುಕೊಳ್ಳಬೇಕಾಗಿತ್ತು. ಅಷ್ಟು ಭಾರದ ಯಂತ್ರವನ್ನು ರೋಗಿಯ ಬಳಿಗೆ ಒಯ್ಯಲಾಗದ್ದರಿಂದ 1905ರಲ್ಲಿ ಐಂಥೋವೆನ್ ಅವರು ಸುಮಾರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಲ್ಲಿದ್ದ ರೋಗಿಗಳ ಹೃದಯದ ಸಂಕೇತವನ್ನು ದೂರವಾಣಿ ತಂತಿಯ ಮೂಲಕ ತಮ್ಮ ಪ್ರಯೋಗಶಾಲೆಗೆ ತರಿಸಿಕೊಂಡರು. ರೋಗಿ ಒಂದು ಕಡೆ, ಓದುವವರು ಇನ್ನೊಂದು ಕಡೆ ಎಂಬ ಏರ್ಪಾಡು, ಹೀಗೆ, ಇಸಿಜಿಯ ಬಾಲ್ಯದಲ್ಲಿಯೇ ಕಾಣಿಸಿಕೊಂಡಿತು. 1924ರ ನೊಬೆಲ್ ಪ್ರಶಸ್ತಿ ಐಂಥೋವೆನ್ ಅವರಿಗೆ ಸಂದಿತು.

ಕೈಕಾಲುಗಳಿಂದ ಪಡೆಯುವ ಮೂರು ನೋಟಗಳಿಗೆ 1930 ಮತ್ತು 1940ರ ದಶಕಗಳಲ್ಲಿ ಎದೆಯ ಮೇಲಿನ ಆರು ನೋಟಗಳೂ ಕೈಕಾಲುಗಳ ಇನ್ನೂ ಮೂರು ನೋಟಗಳೂ ಸೇರಿ, ಇಂದು ಬಳಕೆಯಲ್ಲಿರುವ 12 ಲೀಡುಗಳ ಇಸಿಜಿ ಸಿದ್ಧವಾಯಿತು. ಲೀಡ್ ಎಂದರೆ ಹೃದಯದ ವಿದ್ಯುತ್ತನ್ನು ಒಂದು ನಿರ್ದಿಷ್ಟ ದಿಕ್ಕಿನಿಂದ ನೋಡಿದ ನೋಟ. ಸೆಕೆಂಡಿಗೆ 25 ಮಿಲಿಮೀಟರ್ ವೇಗದಲ್ಲಿ ಸರಿಯುವ ಚೌಕಳಿ ಕಾಗದದ ಮೇಲೆ ಹೃತ್ಕರ್ಣಗಳ ಸಂಕೋಚನಕ್ಕೆ ಮುನ್ನ ಪಿ ಎಂಬ ಸಣ್ಣ ಉಬ್ಬು, ಹೃತ್ಕುಕ್ಷಿಗಳ ಸಂಕೋಚನಕ್ಕೆ ಮುನ್ನ ಕ್ಯೂಆರ್‌ಎಸ್ ಎಂಬ ಚೂಪಾದ ಏರಿಳಿತ, ಅವು ಮತ್ತೆ ಸಜ್ಜುಗೊಳ್ಳುವಾಗ ಟಿ ಎಂಬ ಉಬ್ಬು ಮೂಡುತ್ತವೆ. ಕ್ಯೂಆರ್‌ಎಸ್ ಮತ್ತು ಟಿ ನಡುವಿನ ಎಸ್‌ಟಿ ಭಾಗವು ಸಾಮಾನ್ಯವಾಗಿ ಸಮತಲದಲ್ಲಿರಬೇಕು. ಹೃದಯದ ರಕ್ತನಾಳವೊಂದು ಹೆಪ್ಪುಗಟ್ಟಿದ ರಕ್ತದಿಂದ ಪೂರ್ತಿ ಮುಚ್ಚಿಕೊಂಡಾಗ ಅದು ಮೇಲೇರುತ್ತದೆ. ಈ ಬಗೆಯ ಹೃದಯಾಘಾತಕ್ಕೆ ವೈದ್ಯರು ಸ್ಟೆಮಿ ಎನ್ನುತ್ತಾರೆ. 1986ರಲ್ಲಿ ಇಟಲಿಯ ಜಿಸ್ಸಿ ಅಧ್ಯಯನವು ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಔಷಧ ಜೀವ ಉಳಿಸುತ್ತದೆಂದೂ, ಎಷ್ಟು ಬೇಗ ಕೊಟ್ಟರೆ ಅಷ್ಟು ಹೆಚ್ಚು ಜೀವಗಳು ಉಳಿಯುತ್ತವೆಂದೂ ಸಾಬೀತು ಮಾಡಿದ ಮೇಲೆ, ಆ ಎಸ್‌ಟಿ ಏರಿಕೆಯನ್ನು ಯಾರು, ಎಷ್ಟು ನಿಮಿಷಗಳಲ್ಲಿ ಗುರುತಿಸುತ್ತಾರೆಂಬುದು ರೋಗಿಯ ಅಳಿವು ಉಳಿವಿನ ವಿಷಯವಾಯಿತು.

ನರ್ಸು ರೇಖೆ ಓದಲು ಕಲಿತ ಬಗೆ

ಇಸಿಜಿ ಓದುವುದು ಬಹುಕಾಲ ತಜ್ಞರಿಗೆ ಮೀಸಲಾಗಿತ್ತು. ನರ್ಸು ಅಥವಾ ತಂತ್ರಜ್ಞರು ರೇಖೆಯನ್ನು ತೆಗೆದು ಕಡತಕ್ಕೆ ಸೇರಿಸುತ್ತಿದ್ದರು, ತಜ್ಞರು ಬಂದಾಗ ನೋಡುತ್ತಿದ್ದರು. ಈ ಕ್ರಮವನ್ನು ಬದಲಿಸಿದ್ದು 1960ರ ದಶಕದಲ್ಲಿ ಹುಟ್ಟಿದ ಹೃದ್ರೋಗ ತೀವ್ರ ನಿಗಾ ಘಟಕಗಳು. 1961ರಲ್ಲಿ ಬ್ರಿಟನ್ನಿನ ಡೆಸ್ಮಂಡ್ ಜೂಲಿಯನ್ ಅವರು ಹೃದಯಾಘಾತದ ರೋಗಿಗಳನ್ನೆಲ್ಲ ಒಂದೇ ಕಡೆ ಇರಿಸಿ, ಅವರ ಹೃದಯದ ಲಯವನ್ನು ನಿರಂತರ ಗಮನಿಸಬೇಕೆಂದು ಸೂಚಿಸಿದರು. ಮರುವರ್ಷ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಹ್ಯೂಸ್ ಡೇ ಅವರು ಅಂಥ ಘಟಕವನ್ನು ತೆರೆದರು. ಹೃತ್ಕುಕ್ಷಿಗಳು ಲಯ ಕಳೆದುಕೊಂಡು ಕಂಪಿಸತೊಡಗಿದರೆ ಕೆಲವೇ ನಿಮಿಷಗಳಲ್ಲಿ ಮಿದುಳು ಕೆಡುತ್ತದೆ, ವೈದ್ಯರನ್ನು ಕರೆಸುವಷ್ಟು ಸಮಯವಿರುವುದಿಲ್ಲ. ಇದನ್ನು ಮನಗಂಡ ಫಿಲಡೆಲ್ಫಿಯಾದ ಲಾರೆನ್ಸ್ ಮೆಲ್ಟ್ಸರ್ ಎಂಬ ವೈದ್ಯರು ಮತ್ತು ರೋಸ್ ಪಿನ್ನಿಯೊ ಎಂಬ ನರ್ಸ್, ತಮ್ಮ ಘಟಕದ ನರ್ಸುಗಳಿಗೆ ಲಯದೋಷಗಳನ್ನು ಗುರುತಿಸಲು ಕಲಿಸಿ, ಅಗತ್ಯವಾದಾಗ ವೈದ್ಯರಿಗಾಗಿ ಕಾಯದೆ ತಾವೇ ವಿದ್ಯುದಾಘಾತ ಕೊಟ್ಟು ಹೃದಯದ ಲಯವನ್ನು ಸರಿಪಡಿಸುವ ಅಧಿಕಾರವನ್ನು ಅವರಿಗೆ ಒಪ್ಪಿಸಿದರು. 1965ರಲ್ಲಿ ಅವರು ಸಹೋದ್ಯೋಗಿಯೊಬ್ಬರೊಂದಿಗೆ ಹೊರತಂದ ನರ್ಸುಗಳ ಕೈಪಿಡಿ ಈ ಹೊಸ ಅಧಿಕಾರಕ್ಕೆ ಪಠ್ಯದ ಬಲ ಕೊಟ್ಟಿತು. ಓದುವ ಅಧಿಕಾರ ನರ್ಸಿಗೆ ಯಾರೋ ದಯೆಯಿಂದ ಕೊಟ್ಟದ್ದಲ್ಲ, ಸಮಯದ ಅಭಾವವೇ ಅದನ್ನು ಅವಳ ಕೈಗಿಟ್ಟಿತು ಎಂಬುದು ಈ ಘಟ್ಟದ ಪಾಠ.

ಬೆಂಗಳೂರಿನಲ್ಲಿ ಈ ಬದಲಾವಣೆಗೆ ನೆಲೆಯಾದದ್ದು 1963ರಲ್ಲಿ ಆರಂಭವಾದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಂಥ ಬೋಧನಾ ಸಂಸ್ಥೆಗಳು ಮತ್ತು 1970ರ ದಶಕದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಕಣ್ತೆರೆದು ಮುಂದೆ ಬನ್ನೇರುಘಟ್ಟ ರಸ್ತೆಯಲ್ಲಿ ಬೃಹತ್ತಾಗಿ ಬೆಳೆದ ಶ್ರೀ ಜಯದೇವ ಹೃದ್ರೋಗ ಸಂಸ್ಥೆ. ಇಲ್ಲಿನ ನಿಗಾ ಘಟಕಗಳಲ್ಲಿ ದುಡಿದ ನರ್ಸುಗಳು ಮಾನಿಟರಿನ ಪರದೆಯ ಮೇಲಿನ ರೇಖೆಯನ್ನು ದಿನವಿಡೀ ನೋಡುತ್ತ ಅದರ ಭಾಷೆಯನ್ನು ಅಭ್ಯಾಸದಿಂದ ಕಲಿತರು. ಆದರೆ ಈ ಕಲಿಕೆ ದೊಡ್ಡ ಆಸ್ಪತ್ರೆಗಳ ಘಟಕಗಳೊಳಗೇ ಉಳಿಯಿತು. ಸಾಮಾನ್ಯ ವಾರ್ಡಿನ, ಕ್ಯಾಷುಯಾಲಿಟಿಯ, ತಾಲೂಕು ಆಸ್ಪತ್ರೆಯ ನರ್ಸಿನ ಪಾಲಿಗೆ ಇಸಿಜಿ ಎಂದರೆ ಜೆಲ್ಲಿ ಹಚ್ಚಿ, ಕೈಕಾಲುಗಳಿಗೆ ಕ್ಲಿಪ್ ಹಾಕಿ, ಎದೆಗೆ ರಬ್ಬರ್ ಬಲ್ಬುಗಳನ್ನು ಅಂಟಿಸಿ, ಕಾಗದ ಹರಿದು ವೈದ್ಯರ ಮೇಜಿಗೆ ಒಯ್ಯುವ ಕೆಲಸವಾಗಿಯೇ ಮುಂದುವರಿಯಿತು.

ಕಂಪ್ಯೂಟರ್ ಓದತೊಡಗಿದ್ದು

ತಜ್ಞರ ಕೊರತೆಯನ್ನು ಯಂತ್ರದಿಂದ ತುಂಬುವ ಯತ್ನ 1950ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಆರಂಭವಾಯಿತು. ವಾಷಿಂಗ್ಟನ್ನಿನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯ ಹ್ಯೂಬರ್ಟ್ ಪಿಪ್‌ಬರ್ಗರ್ ಅವರೂ, ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆಯ ಸೀಸರ್ ಕಾಸೆರೆಸ್ ಅವರೂ, ಹೃದಯದ ಸಂಕೇತವನ್ನು ಅಂಕಿಗಳನ್ನಾಗಿ ಪರಿವರ್ತಿಸಿ ಕಂಪ್ಯೂಟರಿನಿಂದ ಅಳೆಯಿಸುವ ಕ್ರಮಗಳನ್ನು ರೂಪಿಸಿದರು. ಮುಂದೆ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಪೀಟರ್ ಮ್ಯಾಕ್‌ಫರ್ಲೇನ್ ಅವರ ತಂಡ ಬೆಳೆಸಿದ ಕ್ರಮವಿಧಿ ಜಗತ್ತಿನ ಹಲವು ಕಂಪನಿಗಳ ಯಂತ್ರಗಳನ್ನು ಸೇರಿತು. ಮೊದಲಿಗೆ ಒಂದು ಕೋಣೆಯನ್ನೇ ತುಂಬುತ್ತಿದ್ದ ಕಂಪ್ಯೂಟರ್ 1980ರ ದಶಕದ ಹೊತ್ತಿಗೆ ಇಸಿಜಿ ಯಂತ್ರದ ಒಳಗೇ ಸೇರಿಕೊಂಡು, ರೇಖೆಯ ಜೊತೆಗೆ ಅದರ ಅರ್ಥವನ್ನೂ ಕಾಗದದ ನೆತ್ತಿಯ ಮೇಲೆ ಅಚ್ಚು ಹಾಕತೊಡಗಿತು.

ಈ ಓದಿನ ಹಂತಗಳನ್ನು ಸರಳವಾಗಿ ಹೀಗೆ ಹೇಳಬಹುದು: ಯಂತ್ರವು ಸಂಕೇತವನ್ನು ಪ್ರತಿ ಸೆಕೆಂಡಿಗೆ ನೂರಾರು ಬಾರಿ ಅಳೆದು ಅಂಕಿಗಳಾಗಿ ಬರೆದುಕೊಳ್ಳುತ್ತದೆ, ಸ್ನಾಯುಗಳ ನಡುಕ ಮತ್ತು ವಿದ್ಯುತ್ ಸರಬರಾಜಿನ ಗುಂಯ್ಗುಡುವಿಕೆಯನ್ನು ಸೋಸುತ್ತದೆ, ಪ್ರತಿಯೊಂದು ಬಡಿತವನ್ನು ಗುರುತಿಸಿ ಅವುಗಳಿಂದ ಒಂದು ಸರಾಸರಿ ಬಡಿತವನ್ನು ರಚಿಸುತ್ತದೆ, ಅದರ ಎತ್ತರ, ಅಗಲ, ಅಂತರಗಳನ್ನು ಅಳೆಯುತ್ತದೆ, ಕೊನೆಗೆ ತಜ್ಞರು ಬರೆದುಕೊಟ್ಟ ನಿಯಮಗಳೊಂದಿಗೆ ಆ ಅಳತೆಗಳನ್ನು ಹೋಲಿಸಿ ತೀರ್ಮಾನ ಹೇಳುತ್ತದೆ. ಅಳೆಯುವ ಕೆಲಸದಲ್ಲಿ ಯಂತ್ರ ಮನುಷ್ಯರನ್ನು ಮೀರಿಸಿದರೂ ತೀರ್ಮಾನದಲ್ಲಿ ಹಿಂದುಳಿಯಿತೆಂಬುದನ್ನು, ಯೂರೋಪಿನ ಸಂಶೋಧಕರು 1,220 ಇಸಿಜಿಗಳನ್ನು ಒಂಬತ್ತು ಕ್ರಮವಿಧಿಗಳಿಗೂ ಎಂಟು ಹೃದ್ರೋಗ ತಜ್ಞರಿಗೂ ಕೊಟ್ಟು ನಡೆಸಿ 1991ರಲ್ಲಿ ಪ್ರಕಟಿಸಿದ ದೊಡ್ಡ ಹೋಲಿಕೆ ತೋರಿಸಿತು: ಒಟ್ಟು ನಿಖರತೆಯ ಮಧ್ಯಾಂಕವು ತಜ್ಞರಲ್ಲಿ ಶೇ. 76.3 ಇದ್ದರೆ ಕ್ರಮವಿಧಿಗಳಲ್ಲಿ ಶೇ. 69.7 ಇತ್ತು. ಮನುಷ್ಯರು ಬರೆದ ನಿಯಮಗಳ ಬದಲಿಗೆ ಲಕ್ಷಾಂತರ ಇಸಿಜಿಗಳಿಂದ ತಾನೇ ಕಲಿಯುವ ಕೃತಕ ಬುದ್ಧಿಮತ್ತೆಯ ಕ್ರಮಗಳು 2010ರ ದಶಕದ ಬಳಿಕ ಬಂದು ಈ ಅಂತರವನ್ನು ಬಹಳಷ್ಟು ಕಿರಿದುಗೊಳಿಸಿವೆ, ಆದರೂ ಕಂಪ್ಯೂಟರಿನ ಓದನ್ನು ಅರ್ಹ ವೈದ್ಯರು ಪರಿಶೀಲಿಸಿಯೇ ಒಪ್ಪಬೇಕೆಂಬ ನಿಯಮ ಹಾಗೆಯೇ ನಿಂತಿದೆ.

ಕಂಪ್ಯೂಟರ್ ಎಡವುವ ಕಡೆಗಳಲ್ಲಿ ಹಲವು ತಪ್ಪುಗಳ ಬೇರು ಕಂಪ್ಯೂಟರಿನಲ್ಲಿರದೆ ರೋಗಿಯ ಮೈಮೇಲೆ ತಂತಿ ಕೂಡಿಸಿದ ರೀತಿಯಲ್ಲಿರುತ್ತದೆ. ಎಡಗೈ ಬಲಗೈಗಳ ತಂತಿ ಅದಲುಬದಲಾದರೆ ಒಂದನೆಯ ಲೀಡಿನ ರೇಖೆ ತಲೆಕೆಳಗಾಗಿ, ಇಲ್ಲದ ರೋಗವೊಂದು ಇದ್ದಂತೆ ತೋರುತ್ತದೆ. ಎದೆಯ ಮೊದಲೆರಡು ತಂತಿಗಳನ್ನು ನಾಲ್ಕನೆಯ ಪಕ್ಕೆಲುಬಿನ ಸಂದಿನಲ್ಲಿಡುವ ಬದಲು ಎರಡನೆಯದರಲ್ಲಿಟ್ಟರೆ ಹಳೆಯ ಹೃದಯಾಘಾತದ ಗುರುತು ಸುಳ್ಳಾಗಿ ಮೂಡಬಹುದು. ಚಳಿಯಿಂದ ಅಥವಾ ಕೈನಡುಕದ ಕಾಯಿಲೆಯಿಂದ ನಡುಗುವ ರೋಗಿಯ ರೇಖೆಯನ್ನು ಯಂತ್ರವು ಹೃತ್ಕರ್ಣಗಳ ಲಯದೋಷವೆಂದು ಓದಬಹುದು. ಆರೋಗ್ಯವಂತ ತರುಣರಲ್ಲಿ ಸಹಜವಾಗಿ ಕಾಣುವ ಎಸ್‌ಟಿ ಏರಿಕೆಯನ್ನು ಅದು ಹೃದಯಾಘಾತವೆಂದು ಹೇಳಬಹುದು. ಇದಕ್ಕಿಂತ ಅಪಾಯಕಾರಿಯೆಂದರೆ, ಹೃದಯದ ಹಿಂಭಾಗದ ಆಘಾತವನ್ನು ಸಾಮಾನ್ಯ 12 ಲೀಡುಗಳು ನೇರವಾಗಿ ಕಾಣದಿರುವುದರಿಂದ, ನಿಜವಾದ ಆಘಾತವಿದ್ದಾಗಲೂ ಎಲ್ಲವೂ ಸರಿಯಾಗಿದೆಯೆಂದು ಅದು ಬರೆಯಬಹುದು.

ಪೂರ್ವ ಬೆಂಗಳೂರಿನ ಯಂತ್ರ, ತಾಲೂಕಿನ ರೋಗಿ

ಭಾರತದ ಆಸ್ಪತ್ರೆಗಳಿಗೆ ಇಸಿಜಿ ಯಂತ್ರವನ್ನು ಪರಿಚಿತವಾಗಿಸಿದ ದೇಶೀಯ ಹೆಸರುಗಳಲ್ಲಿ ಬಿಪಿಎಲ್ ಮುಖ್ಯವಾದದ್ದು, 1963ರಲ್ಲಿ ಟಿ.ಪಿ.ಜಿ. ನಂಬಿಯಾರ್ ಅವರು ಕೇರಳದ ಪಾಲಕ್ಕಾಡಿನಲ್ಲಿ ಆರಂಭಿಸಿದ ಈ ಕಂಪನಿ ಮುಂದೆ ಬೆಂಗಳೂರನ್ನೇ ತನ್ನ ಕೇಂದ್ರವಾಗಿ ಮಾಡಿಕೊಂಡಿತು. 2000ದಲ್ಲಿ ಕೆ.ಆರ್. ಪುರದಾಚೆಯ ವೈಟ್‌ಫೀಲ್ಡಿನಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ತೆರೆದ ಸಂಶೋಧನಾ ಕೇಂದ್ರದಿಂದ ಆ ದಶಕ ಮುಗಿಯುವ ಮೊದಲೇ ಹೊರಬಂದ ಮ್ಯಾಕ್ 400 ಎಂಬ ಯಂತ್ರ ಇನ್ನೊಂದು ತಿರುವಾಯಿತು. ಭಾರತದ ಹಳ್ಳಿಗಳ ವೈದ್ಯರನ್ನೇ ಮನಸ್ಸಿನಲ್ಲಿಟ್ಟುಕೊಂಡು ಬ್ಯಾಟರಿಯಿಂದ ನಡೆಯುವಂತೆ, ಕೈಯಲ್ಲಿ ಹಿಡಿದೊಯ್ಯುವಂತೆ ಮಾಡಿದ ಈ ಯಂತ್ರಕ್ಕೆ ಟಿಕೆಟ್ ಮುದ್ರಿಸುವ ಸಣ್ಣ ಯಂತ್ರಗಳಲ್ಲಿ ಬಳಸುವಂಥ ಮುದ್ರಕವನ್ನು ಅಳವಡಿಸಲಾಗಿತ್ತು. ಸಾಮಾನ್ಯ ಯಂತ್ರಕ್ಕೆ 2,000 ಡಾಲರ್ ಬೆಲೆಯಿದ್ದಾಗ ಇದು 800 ಡಾಲರಿಗೆ ಸಿಕ್ಕಿತು. ಯಂತ್ರ ಅಗ್ಗವಾಗಿ ಹಗುರವಾದಂತೆ ಅದು ತಜ್ಞರಿಲ್ಲದ ಕಡೆಗಳಿಗೆ ಹೋಗತೊಡಗಿತು, ಮತ್ತು ಅಲ್ಲೆಲ್ಲ ಅದನ್ನು ಕೈಗೆತ್ತಿಕೊಂಡವರು ಬಹುಪಾಲು ನರ್ಸುಗಳೇ ಆಗಿದ್ದರು.

ರೋಗಿಯನ್ನೂ ತಜ್ಞರನ್ನೂ ಕೂಡಿಸುವ ಕೆಲಸ ಇದಕ್ಕೆ ಮೊದಲೇ ಬೆಂಗಳೂರಿನಿಂದ ನಡೆದಿತ್ತು. 2002ರಲ್ಲಿ ಇಸ್ರೋ ಸಂಸ್ಥೆ ಉಪಗ್ರಹ ಸಂಪರ್ಕದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಡಾ. ದೇವಿ ಶೆಟ್ಟಿ ಅವರ ನಾರಾಯಣ ಹೃದಯಾಲಯದೊಂದಿಗೆ ಜೋಡಿಸಿತು. ಈ ಜೋಡಣೆ ಎಷ್ಟು ಅಗತ್ಯವಾಗಿತ್ತೆಂಬುದಕ್ಕೆ ಅಂಕಿಅಂಶದ ಆಧಾರ ಒದಗಿಸಿದ್ದೂ ಬೆಂಗಳೂರೇ: ಸೇಂಟ್ ಜಾನ್ಸ್ ಸಂಸ್ಥೆಯ ಡಾ. ಡೆನಿಸ್ ಕ್ಸೇವಿಯರ್ ಅವರ ಮುಂದಾಳತ್ವದಲ್ಲಿ ದೇಶದ 89 ಆಸ್ಪತ್ರೆಗಳ 20 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡು ನಡೆದು 2008ರಲ್ಲಿ ಪ್ರಕಟವಾದ ಕ್ರಿಯೇಟ್ ಅಧ್ಯಯನದ ಪ್ರಕಾರ, ನೋವು ಕಾಣಿಸಿಕೊಂಡ ಹೊತ್ತಿನಿಂದ ಆಸ್ಪತ್ರೆ ತಲುಪುವವರೆಗಿನ ಅವಧಿಯ ಮಧ್ಯಾಂಕ 360 ನಿಮಿಷ, ಅಂದರೆ ಆರು ಗಂಟೆ, ಮತ್ತು ಆಸ್ಪತ್ರೆ ತಲುಪಿದ ಮೇಲೆ ಹೆಪ್ಪು ಕರಗಿಸುವ ಔಷಧ ಸಿಗಲು ಇನ್ನೂ 50 ನಿಮಿಷ ಹಿಡಿಯುತ್ತಿತ್ತು. ಎದೆನೋವನ್ನು ಗ್ಯಾಸ್ಟ್ರಿಕ್ ಎಂದು ಭಾವಿಸಿ ಸೋಡಾ ಕುಡಿದು ಮಲಗುವ ರೂಢಿ, ವಾಹನದ ಅಭಾವ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳುಹಿಸುವ ಅಲೆದಾಟ ಇವುಗಳಿಂದ ಮೊದಲೇ ವ್ಯರ್ಥವಾದ ಸಮಯಕ್ಕೆ, ಆಸ್ಪತ್ರೆಯ ಒಳಗೆ ಇಸಿಜಿ ಓದಬಲ್ಲವರಿಗಾಗಿ ಕಾಯುವ ಸಮಯವೂ ಸೇರಿಕೊಳ್ಳುತ್ತಿತ್ತು.

ಈ ಕಾಯುವಿಕೆಯನ್ನು ತಪ್ಪಿಸಲು ಕರ್ನಾಟಕದಲ್ಲಿ ಹಲವು ಯತ್ನಗಳಾದವು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರಗಳನ್ನು ಒದಗಿಸಿ, ವಾಟ್ಸ್ಯಾಪ್ ಗುಂಪುಗಳ ಮೂಲಕ ತಜ್ಞರ ಸಲಹೆ ಕೂಡಲೇ ಸಿಗುವಂತೆ ಮಾಡಿದರು. ಹೃದ್ರೋಗ ತಜ್ಞ ಡಾ. ಚರಿತ್ ಭೋಗರಾಜ್ ಮತ್ತು ಅವರ ಜೊತೆಗಾರರು ಬೆಂಗಳೂರಿನಲ್ಲಿ ಸ್ಥಾಪಿಸಿದ ಟ್ರೈಕಾಗ್ ಕಂಪನಿಯು ದೂರದ ಚಿಕಿತ್ಸಾಲಯದಲ್ಲಿ ತೆಗೆದ ಇಸಿಜಿಯನ್ನು ಮೊಬೈಲ್ ಜಾಲದ ಮೂಲಕ ತರಿಸಿಕೊಂಡು, ಮೊದಲು ಕಂಪ್ಯೂಟರಿನಿಂದ ವಿಂಗಡಿಸಿ, ಬಳಿಕ ವೈದ್ಯರಿಂದ ದೃಢಪಡಿಸಿ, ಕೆಲವೇ ನಿಮಿಷಗಳಲ್ಲಿ ಫಲಿತಾಂಶ ಮರಳಿಸುವ ಕ್ರಮವನ್ನು ರೂಢಿಗೆ ತಂದಿತು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು ಅಕಾಲದಲ್ಲಿ ತೀರಿಕೊಂಡ ಬಳಿಕ ಹೃದಯದ ಆರೋಗ್ಯ ನಾಡಿನ ಮನೆಮಾತಾಯಿತು, ಮತ್ತು ರಾಜ್ಯ ಸರ್ಕಾರ ಅವರ ಹೆಸರಿನಲ್ಲಿಯೇ ಹೃದಯ ಜ್ಯೋತಿ ಯೋಜನೆಯನ್ನು ಜಾರಿಗೆ ತಂದಿತು. ತಾಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳನ್ನು ಜಯದೇವದಂಥ ಕೇಂದ್ರ ಆಸ್ಪತ್ರೆಗಳಿಗೆ ಜೋಡಿಸಿ, ಇಸಿಜಿಯನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ಓದಿಸಿ, ಸ್ಟೆಮಿ ದೃಢಪಟ್ಟ ಕೂಡಲೇ ಹೆಪ್ಪು ಕರಗಿಸುವ, ಹತ್ತಾರು ಸಾವಿರ ರೂಪಾಯಿ ಬೆಲೆಯ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಟ್ಟು, ಆಂಜಿಯೋಗ್ರಾಂ ಸೌಲಭ್ಯವಿರುವ ಆಸ್ಪತ್ರೆಗೆ ರೋಗಿಯನ್ನು ಸಾಗಿಸುವುದು ಇದರ ಕ್ರಮ. 2025ರಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಜನರಲ್ಲಿ ಆತಂಕ ಹುಟ್ಟಿಸಿದಾಗ, ಯೋಜನೆಯನ್ನು ಎಲ್ಲ ತಾಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಸರ್ಕಾರ ಪ್ರಕಟಿಸಿತು.

ತರಬೇತಿಯ ತಿರುಳು

ಇಂಥ ಜಾಲದಲ್ಲಿ ಕಂಪ್ಯೂಟರ್, ಉಪಗ್ರಹ, ಮೊಬೈಲ್, ತಜ್ಞರು ಎಲ್ಲರೂ ಎರಡನೆಯ ಹಂತದಲ್ಲಿ ಬರುತ್ತಾರೆ. ಮೊದಲ ಹಂತ ನರ್ಸಿನದು. ಎದೆನೋವೆಂದು ಬಂದವರಿಗೆ 10 ನಿಮಿಷಗಳೊಳಗೆ ಇಸಿಜಿ ತೆಗೆಯಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತವೆ, ಮತ್ತು ಆ 10 ನಿಮಿಷಗಳನ್ನು ಉಳಿಸುವುದೋ ಕಳೆಯುವುದೋ ಸರದಿಯ ಸಾಲಿನಿಂದ ಯಾರನ್ನು ಮೊದಲು ಒಳಗೆ ಕರೆಯಬೇಕೆಂದು ನಿರ್ಧರಿಸುವ ನರ್ಸಿನ ಕೈಯಲ್ಲಿದೆ. ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಹೃದಯಾಘಾತವು ಎದೆನೋವಿಲ್ಲದೆ ಬರೀ ಬೆವರು, ಸುಸ್ತು, ಉಸಿರುಗಟ್ಟುವಿಕೆ, ದವಡೆ ಅಥವಾ ಬೆನ್ನಿನ ನೋವಾಗಿ ಕಾಣಿಸಿಕೊಳ್ಳಬಹುದೆಂಬುದನ್ನು ಅವಳು ತಿಳಿದಿರಬೇಕು. ಶಿವಾಜಿನಗರದಂಥ ಕಡೆ ಒಂದೇ ಬೆಂಚಿನ ಮೇಲೆ ಕುಳಿತ ನಾಲ್ವರು ನಾಲ್ಕು ಭಾಷೆಗಳಲ್ಲಿ ಹೇಳುವ ಸಂಕಟವನ್ನು ಬೇರ್ಪಡಿಸಿ ಗ್ರಹಿಸುವ ಈ ಕೌಶಲ ಯಾವ ಯಂತ್ರದ ಕೈಪಿಡಿಯಲ್ಲಿಯೂ ಇರುವುದಿಲ್ಲ.

ಎರಡನೆಯದು ತಂತಿಗಳ ಸ್ಥಾನ. ಎದೆಮೂಳೆಯ ಮೇಲ್ಭಾಗದಲ್ಲಿ ಬೆರಳಿಗೆ ಸಿಗುವ ಏಣನ್ನು ಹುಡುಕಿ, ಅದರ ಪಕ್ಕದ ಎರಡನೆಯ ಪಕ್ಕೆಲುಬಿನಿಂದ ಕೆಳಗೆ ಎಣಿಸುತ್ತ ನಾಲ್ಕನೆಯ ಸಂದಿಗೆ ಬಂದು, ಎದೆಮೂಳೆಯ ಬಲಕ್ಕೆ ಮೊದಲನೆಯದನ್ನೂ ಎಡಕ್ಕೆ ಎರಡನೆಯದನ್ನೂ ಇಡಬೇಕು. ನಾಲ್ಕನೆಯದನ್ನು ಐದನೆಯ ಸಂದಿನಲ್ಲಿ ಕೊರಳೆಲುಬಿನ ನಡುಭಾಗದ ನೇರಕ್ಕೆ ಇಟ್ಟು, ಮೂರನೆಯದನ್ನು ಎರಡನೆಯ ಮತ್ತು ನಾಲ್ಕನೆಯದರ ನಡುವೆ ಕೂಡಿಸಿ, ಐದನೆಯ ಮತ್ತು ಆರನೆಯದನ್ನು ಅದೇ ಮಟ್ಟದಲ್ಲಿ ಕಂಕುಳಿನ ಕಡೆಗೆ ಒಯ್ಯಬೇಕು. ಹೆಂಗಸರಲ್ಲಿ ಸ್ತನದ ಕೆಳಗೆ ಸರಿಯಾದ ಸ್ಥಾನಕ್ಕೆ ತಂತಿ ಸೇರಿಸಲು ಸೀರೆಯ ಸೆರಗನ್ನೋ ಬುರ್ಖಾವನ್ನೋ ಸರಿಸಬೇಕಾಗುತ್ತದೆ. ಮರೆಯಿಲ್ಲದ ಕ್ಯಾಷುಯಾಲಿಟಿಯಲ್ಲಿ ಸಂಕೋಚದಿಂದ ಬಟ್ಟೆಯ ಅಂಚಿಗೆ ಸಿಕ್ಕ ಜಾಗದಲ್ಲಿ ತಂತಿ ಅಂಟಿಸಿದರೆ ಕಂಪ್ಯೂಟರ್ ಆ ತಪ್ಪು ಜಾಗದ ರೇಖೆಯನ್ನೇ ನಿಜವೆಂದು ಓದುತ್ತದೆ. ಜನಾನಾ ಮಿಷನ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆಗಳನ್ನು ಹುಟ್ಟಿಸಿದ ಹಳೆಯ ಪ್ರಶ್ನೆ ಹೀಗೆ ಕಂಪ್ಯೂಟರ್ ಯುಗದಲ್ಲಿಯೂ ಜೀವಂತವಾಗಿದೆ, ಮತ್ತು ಅದಕ್ಕೆ ಉತ್ತರವೂ ಅದೇ ಆಗಿದೆ: ಒಂದು ಪರದೆ, ತರಬೇತಿ ಪಡೆದ ಒಬ್ಬ ಹೆಂಗಸು, ಮತ್ತು ರೋಗಿಗೆ ಮೊದಲೇ ವಿಷಯ ತಿಳಿಸಿ ಒಪ್ಪಿಗೆ ಪಡೆಯುವ ಸಂಯಮ.

ಮೂರನೆಯದು ಕಂಪ್ಯೂಟರಿನ ಬರಹವನ್ನು ಸಂದೇಹದಿಂದ ಓದುವ ಅಭ್ಯಾಸ. ಕಾಗದದ ಮೇಲೆ ಹೃದಯಾಘಾತವೆಂದು ಬರೆದಿದ್ದರೆ ಮೊದಲು ತಂತಿಗಳನ್ನು ಪರೀಕ್ಷಿಸಿ, ತಡಮಾಡದೆ ವೈದ್ಯರನ್ನು ಕರೆಯಬೇಕು. ಎಲ್ಲವೂ ಸರಿಯೆಂದು ಬರೆದಿದ್ದು ರೋಗಿ ಮಾತ್ರ ಬೆವರಿ ಬಿಳಿಚಿಕೊಂಡಿದ್ದರೆ, ಬರಹಕ್ಕಿಂತ ರೋಗಿಯನ್ನು ನಂಬಿ, ಹತ್ತು ಹದಿನೈದು ನಿಮಿಷಗಳ ಬಳಿಕ ಮತ್ತೊಮ್ಮೆ ಇಸಿಜಿ ತೆಗೆಯಬೇಕು. ಯಂತ್ರ ಹೇಳಿದ ಮೇಲೆ ಮುಗಿಯಿತೆಂದು ತಲೆಬಾಗುವ ಸ್ವಭಾವ ನರ್ಸುಗಳಲ್ಲಿ ಮಾತ್ರವಲ್ಲ, ಅನುಭವಿ ವೈದ್ಯರಲ್ಲಿಯೂ ಇರುವುದರಿಂದ, ತಪ್ಪಾಗಿ ಓದಲಾದ ಇಸಿಜಿಗಳನ್ನೇ ಉದಾಹರಣೆಯಾಗಿಟ್ಟುಕೊಂಡು ಕಲಿಸುವುದು ಉತ್ತಮ ತರಬೇತಿಯ ಲಕ್ಷಣ. ನಾಲ್ಕನೆಯದು ಓದಿದ ಮೇಲಿನ ಕೆಲಸ: ಟೆನೆಕ್ಟೆಪ್ಲೇಸ್ ಔಷಧವನ್ನು ರೋಗಿಯ ತೂಕಕ್ಕೆ ತಕ್ಕಂತೆ ಒಂದೇ ಬಾರಿಗೆ ಚುಚ್ಚುವುದರಿಂದ ತೂಕ ನೋಡುವುದು, ಇತ್ತೀಚಿನ ರಕ್ತಸ್ರಾವ, ಶಸ್ತ್ರಚಿಕಿತ್ಸೆ, ಪಾರ್ಶ್ವವಾಯುಗಳ ಬಗ್ಗೆ ವಿಚಾರಿಸುವುದು, ಔಷಧ ಕೊಟ್ಟ ಬಳಿಕ ಲಯದೋಷಕ್ಕೂ ರಕ್ತಸ್ರಾವಕ್ಕೂ ಕಣ್ಣಿಟ್ಟಿರುವುದು, ವಿದ್ಯುದಾಘಾತದ ಯಂತ್ರವನ್ನು ಕೈಗೆಟಕುವಂತೆ ಸಿದ್ಧವಾಗಿಟ್ಟುಕೊಳ್ಳುವುದು, ಇವೆಲ್ಲ ಪಿನ್ನಿಯೊ ಅವರ ಕಾಲದಲ್ಲಿ ಆರಂಭವಾದ ಪರಂಪರೆಯನ್ನು ಮುಂದುವರಿಸುವ ನರ್ಸಿನ ಹೊಣೆಗಳು.

ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ಪರಿಷ್ಕರಿಸಿದ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮದಲ್ಲಿ ಆರೋಗ್ಯ ಮಾಹಿತಿ ತಂತ್ರಜ್ಞಾನವನ್ನು ಒಂದು ವಿಷಯವಾಗಿ ಸೇರಿಸಿದ್ದು, ತೀವ್ರ ನಿಗಾ ಶುಶ್ರೂಷೆಯಲ್ಲಿ ನರ್ಸ್ ಪ್ರಾಕ್ಟಿಷನರ್ ಎಂಬ ಸ್ನಾತಕೋತ್ತರ ಶಿಕ್ಷಣವನ್ನು ಅದಕ್ಕೂ ಮೊದಲೇ ಆರಂಭಿಸಿದ್ದು, ಸರಿಯಾದ ದಿಕ್ಕಿನ ಹೆಜ್ಜೆಗಳು. ಆದರೆ ಈಗಾಗಲೇ ಕೆಲಸದಲ್ಲಿರುವ, ಮೂರು ಪಾಳಿಗಳಲ್ಲಿ ದುಡಿಯುವ, ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಓದಿ ಬಂದ ಸಾವಿರಾರು ಶುಶ್ರೂಷಾಧಿಕಾರಿಗಳಿಗೆ ಯಂತ್ರ ಬಂದ ದಿನ ಕಂಪನಿಯವರು ತೋರಿಸಿಕೊಡುವ ಗುಂಡಿಗಳ ಪರಿಚಯವೇ ತರಬೇತಿಯಾಗಬಾರದು. ಬೌರಿಂಗ್‌ನಂಥ ಬೋಧನಾ ಆಸ್ಪತ್ರೆಗಳು ತಮ್ಮ ಸುತ್ತಲಿನ ಆಸ್ಪತ್ರೆಗಳ ನರ್ಸುಗಳಿಗೆ ಕರ್ತವ್ಯದ ಅವಧಿಯಲ್ಲಿಯೇ, ಕನ್ನಡದಲ್ಲಿ, ನಿಜವಾದ ರೇಖೆಗಳನ್ನಿಟ್ಟುಕೊಂಡು, ವರ್ಷಕ್ಕೊಮ್ಮೆಯಾದರೂ ಮರುಕಲಿಕೆ ನಡೆಸಬೇಕು. ಹಾಗೆ ಕಲಿತವರ ಕೌಶಲವನ್ನು ಸೇವಾ ದಾಖಲೆಯಲ್ಲಿಯೂ ಬಡ್ತಿಯಲ್ಲಿಯೂ ಪರಿಗಣಿಸಬೇಕು.

ಐಂಥೋವೆನ್ ಅವರ ತಂತಿಯಿಂದ ಹೃದಯ ಜ್ಯೋತಿಯ ಮೊಬೈಲ್ ಜಾಲದವರೆಗಿನ ನೂರಿಪ್ಪತ್ತು ವರ್ಷಗಳ ಚರಿತ್ರೆಯಲ್ಲಿ ಯಂತ್ರ ಪ್ರತಿ ಬಾರಿ ಹೆಚ್ಚು ಓದಲು ಕಲಿತಾಗಲೂ ನರ್ಸು ಹೆಚ್ಚು ತಿಳಿಯಬೇಕಾಗಿ ಬಂದಿದೆಯೇ ಹೊರತು ಕಡಿಮೆಯಲ್ಲ. ಕಂಪ್ಯೂಟರ್ ಇದೆಯೆಂಬ ಕಾರಣಕ್ಕೆ ತರಬೇತಿಯನ್ನು ಮೊಟಕುಗೊಳಿಸುವ ಆಡಳಿತ ಈ ಚರಿತ್ರೆಯನ್ನು ಓದಿಲ್ಲವೆಂದೇ ಹೇಳಬೇಕಾಗುತ್ತದೆ. ಯಂತ್ರಕ್ಕೂ ಔಷಧಕ್ಕೂ ಹಣ ತೆಗೆದಿಡುವ ಸರ್ಕಾರ, ಆ ಯಂತ್ರದ ತಂತಿಯನ್ನು ಸರಿಯಾದ ಪಕ್ಕೆಲುಬಿನ ಸಂದಿಗೆ ಸೇರಿಸುವ ಕೈಗಳ ಕಲಿಕೆಗೂ ಅಷ್ಟೇ ಖಚಿತವಾಗಿ ಹಣವನ್ನೂ ಸಮಯವನ್ನೂ ಅಧಿಕಾರವನ್ನೂ ತೆಗೆದಿಡಬೇಕು.